ಸೆರಗು, ಟಿಕೆಟ್ಟು, ಬಾಡಿಗೆ ಮನೆ: ಲಿಂಗತ್ವ ಅಲ್ಪಸಂಖ್ಯಾತರ ಸಾಕ್ಷ್ಯಚಿತ್ರಗಳನ್ನು ತರಗತಿಗೆ ತಂದಾಗ

ಬಿ.ಇಡಿ. ಎರಡು ವರ್ಷದ ಕೋರ್ಸಾದ ಮೇಲೆ ‘ಲಿಂಗತ್ವ, ಶಾಲೆ ಮತ್ತು ಸಮಾಜ’ ಎಂಬ ಪತ್ರಿಕೆ ನಮ್ಮ ಪಠ್ಯಕ್ರಮಕ್ಕೆ ಬಂದಿದೆ. ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಒಂದು ಸಣ್ಣ ಭಾಗವಿದೆ. ಬಹುತೇಕ ಕಡೆ ಅದು ಟಿಪ್ಪಣಿಯಾಗಿ ಬರೆಸಿ, ಐದು ಅಂಕದ ಪ್ರಶ್ನೆಯಾಗಿ ಕೇಳಿ ಮುಗಿದುಹೋಗುತ್ತದೆ. ವ್ಯಾಖ್ಯೆ ಬಾಯಿಪಾಠವಾದ ಪ್ರಶಿಕ್ಷಣಾರ್ಥಿ ಶಿರಾ ಹೆದ್ದಾರಿಯ ಟೋಲ್ ಬಳಿ ಬಸ್ಸಿನ ಕಿಟಕಿಗೆ ಬಂದು ಚಪ್ಪಾಳೆ ತಟ್ಟುವವರನ್ನು ಕಂಡಾಗ ಮುಖ ತಿರುಗಿಸಿ ಕೂರುತ್ತಾರೆ. ವ್ಯಾಖ್ಯೆಗೂ ಕಿಟಕಿಗೂ ನಡುವೆ ಇರುವ ಈ ದೂರವನ್ನು ಪಾಠ ದಾಟಬಲ್ಲದೇ ಎಂದು ನೋಡಲು 2023–24ರ ಬೋಧನಾಭ್ಯಾಸದಲ್ಲಿ ಒಂದು ಘಟಕವನ್ನು ಸಾಕ್ಷ್ಯಚಿತ್ರಗಳ ಮೂಲಕ ಮಾಡಿಸಿದೆವು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ಒಂಬತ್ತನೇ ತರಗತಿಗೆ ಪಾಠ ನಡೆಯಿತು. ಕನ್ನಡ ಬೋಧನಾ ವಿಧಾನದ ಉಪನ್ಯಾಸಕನಾಗಿ ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ವಹಿ ಹಿಡಿದು ಕೂತಿದ್ದೆ. ಈ ಬರಹ ಆ ವಹಿಯಿಂದ ಬಂದದ್ದು.

ಮೊದಲು ಚಿತ್ರಗಳ ಆಯ್ಕೆಯ ವಿಚಾರ. ನಮಗೆ ಬೇಕಾದದ್ದು ಸಾಕ್ಷ್ಯಚಿತ್ರ. ಪ್ರಶಿಕ್ಷಣಾರ್ಥಿಗಳು ಮೊದಲು ಹೇಳಿದ ಹೆಸರು ಮಾತ್ರ ಕಥಾಚಿತ್ರದ್ದು: ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರವಾದ್ದರಿಂದ ಎಲ್ಲರಿಗೂ ಗೊತ್ತು. ಆ ಚಿತ್ರಕ್ಕೆ ಆಧಾರ ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ. ನಾನು ಅದನ್ನು ಬೇಡ ಎನ್ನಲಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟೆ. ಲೀನಾ ಮಣಿಮೇಕಲೈ ಅವರ 2017ರ ಸಾಕ್ಷ್ಯಚಿತ್ರ ‘ಈಸ್ ಇಟ್ ಟೂ ಮಚ್ ಟು ಆಸ್ಕ್’. ಚೆನ್ನೈನಲ್ಲಿ ಇಬ್ಬರು ಟ್ರಾನ್ಸ್ ಮಹಿಳೆಯರು, ಇಬ್ಬರೂ ಕಲಾವಿದರು, ಬಾಡಿಗೆ ಮನೆ ಹುಡುಕುತ್ತಾರೆ. ಇಷ್ಟೇ ಅದರ ಕಥೆ. ಆ ಇಬ್ಬರಲ್ಲಿ ಒಬ್ಬರು ಅದೇ ವಿದ್ಯಾ. ಕಥಾಚಿತ್ರದಲ್ಲಿ ಒಬ್ಬ ಪುರುಷ ನಟ ಅಭಿನಯಿಸಿದ ಬದುಕಿನ ಒಡತಿ ಇಲ್ಲಿ ತಾನೇ ಕ್ಯಾಮೆರಾ ಮುಂದೆ ಬಂದು ಮನೆ ಕೇಳುತ್ತಿದ್ದಾರೆ ಎಂದಾಗ ಕಥಾಚಿತ್ರಕ್ಕೂ ಸಾಕ್ಷ್ಯಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ‘ಪ್ಲೀಸ್ ಮೈಂಡ್ ದ ಗ್ಯಾಪ್’, 2018ರದ್ದು, ಮಿತಾಲಿ ತ್ರಿವೇದಿ ಮತ್ತು ಗಗನ್‌ದೀಪ್ ಸಿಂಗ್ ಮಾಡಿದ್ದು. ದೆಹಲಿ ಮೆಟ್ರೋದಲ್ಲಿ ಓಡಾಡುವ ಒಬ್ಬ ಟ್ರಾನ್ಸ್ ಪುರುಷನ ಮಾತುಗಳು. ಗಂಡಸರ ಸಾಲು, ಹೆಂಗಸರ ಸಾಲು, ಹೆಂಗಸರ ಬೋಗಿ: ಪ್ರತಿದಿನ ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದೇ ಪ್ರಶ್ನೆ. ಹೆಣ್ಣಾಗಿ ಬೆಳೆಸಲ್ಪಟ್ಟು ತನ್ನನ್ನು ಗಂಡೆಂದು ತಿಳಿದವರೂ ಇದ್ದಾರೆ ಎಂಬುದು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರಿಗೆ ಹೊಸದು. ಟೋಲ್ ಬಳಿ ಕಾಣದವರು ಇಲ್ಲವೆಂದೇ ನಾವು ಅಂದುಕೊಂಡಿರುತ್ತೇವೆ.

ಬೆಂಗಳೂರಿನ ಚಿತ್ರಗಳೂ ಇವೆ. ಪ್ರೇಮ್ ಕಲ್ಲಿಯಾಟ್ ಅವರ ‘ಜರೀನಾ’ 1990ರಷ್ಟು ಹಿಂದಿನದು, ಬೆಂಗಳೂರಿನ ಹಿಜ್ರಾ ಬದುಕಿನ ಕುರಿತದ್ದು. ಟಿ. ಜಯಶ್ರೀ ಅವರ ‘ಮೆನಿ ಪೀಪಲ್ ಮೆನಿ ಡಿಸೈರ್ಸ್’ 2004ರದ್ದು. ಇವು ಪ್ರಶಿಕ್ಷಣಾರ್ಥಿಗಳ ಅಧ್ಯಯನಕ್ಕೆ ಸರಿ. ಒಂಬತ್ತನೇ ತರಗತಿಗೆ ಅಲ್ಲ ಎಂದು ನಾನೇ ತೀರ್ಮಾನಿಸಿದೆ. ಚಿತ್ರ ಒಳ್ಳೆಯದು ಎಂಬುದೂ ಮಕ್ಕಳಿಗೆ ತೋರಿಸಬಹುದು ಎಂಬುದೂ ಎರಡು ಬೇರೆ ಮಾತು.

ಆದರೆ ಹಳ್ಳಿಯ ಶಾಲೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಇವು ಯಾವುವೂ ಅಲ್ಲ. ಅದು ಒಂದು ನಿಮಿಷದಷ್ಟಿನ ದೃಶ್ಯ. 2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಪಡೆಯಲು ನಡೆದು ಬರುವುದು, ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು ಸೆರಗು ಹಿಡಿದು ದೃಷ್ಟಿ ತೆಗೆಯುವುದು, ಸಭೆ ಚಪ್ಪಾಳೆ ತಟ್ಟುವುದು. ಸಾಕ್ಷ್ಯಚಿತ್ರ ಎನ್ನುವಂಥದ್ದಲ್ಲ, ಸರ್ಕಾರಿ ಸಮಾರಂಭದ ಚಿತ್ರೀಕರಣ. ಆದರೂ ಅದು ಸಾಕ್ಷ್ಯವೇ.

ಕೊರಟಗೆರೆ ತಾಲ್ಲೂಕಿನ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಇದನ್ನು ಧ್ವನಿಯಿಲ್ಲದೆ ತೋರಿಸಿ, “ಇವರು ಏನು ಮಾಡ್ತಿದಾರೆ?” ಎಂದು ಮಾತ್ರ ಕೇಳಿದರು. ಮುಂದಿನ ಸಾಲಿನ ಹುಡುಗಿ ತಡಮಾಡದೆ “ದೃಷ್ಟಿ ತೆಗೀತವ್ರೆ ಮಿಸ್, ನಮ್ಮಜ್ಜಿ ತೆಗ್ಯಂಗೆ” ಎಂದಳು. ಅಂದು ದೇಶದ ಎಷ್ಟೋ ಸುದ್ದಿ ಬರಹಗಳು ಈ ಕೈಸನ್ನೆ ಏನೆಂದು ಓದುಗರಿಗೆ ಬಿಡಿಸಿ ಹೇಳಬೇಕಾಯಿತು. ನಮ್ಮ ಮಗುವಿಗೆ ಯಾರೂ ಹೇಳಬೇಕಾಗಲಿಲ್ಲ. ಪೀಠಿಕೆಯ ಪ್ರಶ್ನೆ ಹೀಗಿರಬೇಕು: ಮಗು ತಾನು ಬಲ್ಲದ್ದರಿಂದ ಉತ್ತರಿಸಬೇಕು, ಆ ಉತ್ತರದಲ್ಲೇ ಪಾಠದ ವ್ಯಕ್ತಿ ಅಜ್ಜಿಯ ಪಕ್ಕಕ್ಕೆ ಬಂದು ನಿಂತುಬಿಡಬೇಕು. “ಇವರು ಗಂಡಸೋ ಹೆಂಗಸೋ?” ಎಂದು ಪೀಠಿಕೆ ಹಾಕಿದ ಇನ್ನೊಂದು ಪಾಠಟಿಪ್ಪಣಿ ನನ್ನ ಮುಂದೆ ಬಂದಿತ್ತು. ಅದನ್ನು ತಿದ್ದಿಸಿದೆ. ಆ ಪ್ರಶ್ನೆಯಿಂದ ಶುರುವಾದ ತರಗತಿ ನಲವತ್ತು ನಿಮಿಷವೂ ಅಲ್ಲೇ ಸುತ್ತುತ್ತದೆ.

ದೃಶ್ಯದ ನಂತರ ಮಂಜಮ್ಮನವರ ಬದುಕನ್ನು ಐದಾರು ವಾಕ್ಯಗಳಲ್ಲಿ ಹೇಳಿದರು. ಬಳ್ಳಾರಿ ಸೀಮೆಯ ಕಲ್ಲುಕಂಬ ಹುಟ್ಟೂರು. ಹುಟ್ಟಿದಾಗ ಇಟ್ಟ ಹೆಸರು ಮಂಜುನಾಥ. ಹದಿಹರೆಯದಲ್ಲಿ ತಾನು ಹೆಣ್ಣೆಂದು ತಿಳಿದದ್ದು. ಮನೆಯವರು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದ್ದು. ಮನೆ ಬಿಟ್ಟದ್ದು, ಭಿಕ್ಷೆ ಬೇಡಿದ್ದು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡು ಆ ಕಲೆಯ ಬೆನ್ನು ಹತ್ತಿದ್ದು. ಕಾಳವ್ವ ಜೋಗತಿಯ ಶಿಷ್ಯೆಯಾದದ್ದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು. ನಮ್ಮ ಈ ಭಾಗದ ಮಕ್ಕಳಿಗೆ ಜೋಗತಿ ಎಂಬ ಮಾತೇ ಹೊಸದು. ಸವದತ್ತಿ ಎಲ್ಲಮ್ಮ, ಹುಲಿಗೆಮ್ಮ, ಚೌಡಿಕೆ, ಪಡ್ಡಲಗಿ ಎಲ್ಲವೂ ಉತ್ತರದ ಕಡೆಯವು. ನಮ್ಮ ಮಕ್ಕಳಿಗೆ ಹತ್ತಿರದ್ದೆಂದರೆ ಕುರುಕ್ಷೇತ್ರ ನಾಟಕದ ಸ್ತ್ರೀಪಾತ್ರ, ಮೂಡಲಪಾಯದ ಸ್ತ್ರೀವೇಷ. ಹಾಗಾಗಿ ಒಬ್ಬ ಹುಡುಗ, “ನಮ್ಮೂರ್ನಾಗೆ ದ್ರೌಪದಿ ಪಾರ್ಟು ಮಾಡೋರು ಹಂಗೇನಾ ಸಾ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಪ್ರಶಿಕ್ಷಣಾರ್ಥಿ ಕೊಟ್ಟ ಉತ್ತರವನ್ನು ಹಾಗೇ ಬರೆದುಕೊಂಡಿದ್ದೇನೆ: “ದ್ರೌಪದಿ ಪಾರ್ಟಿನವರು ಬೆಳಗಿನ ಜಾವ ಬಣ್ಣ ಒರೆಸಿಕೊಂಡು ಮನೆಗೆ ಹೋಗ್ತಾರೆ. ಮಂಜಮ್ಮ ಒರೆಸಿಕೊಳ್ಳೋದಕ್ಕೆ ಬಣ್ಣ ಹಚ್ಚಿಕೊಂಡಿಲ್ಲ.” ವೇಷಕ್ಕೂ ಲಿಂಗತ್ವಕ್ಕೂ ಇರುವ ಅಂತರವನ್ನು ನಾನು ಇದಕ್ಕಿಂತ ಸರಳವಾಗಿ ಹೇಳಲಾರೆ.

ಇನ್ನು ಈ ಘಟಕದ ಕಷ್ಟದ ಜಾಗಕ್ಕೆ ಬರುತ್ತೇನೆ. ನಾಲ್ಕೂ ತಾಲ್ಲೂಕಿನಲ್ಲಿ, ಪಾಠ ಮಾಡಿದವರು ಯಾರೇ ಆಗಲಿ, ಒಂದು ಪ್ರಶ್ನೆ ಬಂದೇ ಬಂತು: “ಅವ್ರು ಆಪ್ರೇಸನ್ ಮಾಡುಸ್ಕಂಡವ್ರಾ?” ಕೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ ಎನ್ನುವ ನಗು. ಪ್ರಶಿಕ್ಷಣಾರ್ಥಿಯ ಕಿವಿ ಕೆಂಪು.

ಮಕ್ಕಳಿಗೆ ಈ ಪ್ರಶ್ನೆ ಎಲ್ಲಿಂದ ಬಂತು? ಚಿತ್ರಗಳಿಂದಲೇ ಬಂತು ಎಂಬುದು ನನ್ನ ಅಭಿಪ್ರಾಯ. ಟೀವಿಯ ವಿಶೇಷ ಕಾರ್ಯಕ್ರಮಗಳನ್ನು, ಮೊಬೈಲಿನಲ್ಲಿ ಓಡಾಡುವ ಸಂದರ್ಶನಗಳನ್ನು ಗಮನಿಸಿ. ಮೊದಲು ಕನ್ನಡಿ. ಕನ್ನಡಿಯ ಮುಂದೆ ಕೂತು ತುಟಿಗೆ ಬಣ್ಣ ಹಚ್ಚಿಕೊಳ್ಳುವ ಮುಖ. ಆಮೇಲೆ ಹುಡುಗನಾಗಿದ್ದ ಕಾಲದ ಹಳೆಯ ಫೋಟೋ. ಶಹನಾಯಿ ಅಥವಾ ಕೊಳಲು. ಬಳಿಕ ಆಸ್ಪತ್ರೆಯ ಮಾತು. ಕೊನೆಗೆ ಕಣ್ಣೀರು. ಹೀಗೆ ಒಂದು ಜೀವಮಾನವನ್ನು ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಚಿತ್ರಕ್ಕೆ ಇಳಿಸಿದರೆ ನಡುವೆ ಉಳಿಯುವ ಪ್ರಶ್ನೆ ಒಂದೇ, ಅದು ಆಪರೇಷನ್ನು. ಇದು ನಮ್ಮಲ್ಲಿ ಮಾತ್ರ ಇರುವ ಚಾಳಿ ಅಲ್ಲ. 2014ರ ಜನವರಿಯಲ್ಲಿ ಅಮೆರಿಕದ ಟೀವಿ ಸಂದರ್ಶನವೊಂದರಲ್ಲಿ ನಟಿ ಲವರ್ನ್ ಕಾಕ್ಸ್ ಇದೇ ಕುತೂಹಲಕ್ಕೆ ಎದುರಾಗಿ, ದೇಹದ ಬಗ್ಗೆಯೇ ಕೇಳುತ್ತಾ ಕೂತರೆ ತಮ್ಮಂಥವರು ಅನುಭವಿಸುವ ಹಿಂಸೆ, ನಿರುದ್ಯೋಗಗಳ ಮಾತು ಬರುವುದೇ ಇಲ್ಲ ಎಂಬರ್ಥದ ಉತ್ತರ ಕೊಟ್ಟರು. ಅವರೇ ನಿರ್ಮಾಣದಲ್ಲಿ ಕೈಜೋಡಿಸಿದ, ಸ್ಯಾಮ್ ಫೆಡರ್ ನಿರ್ದೇಶನದ ‘ಡಿಸ್‌ಕ್ಲೋಶರ್’ (2020) ಹಾಲಿವುಡ್ ಇಂಥವರನ್ನು ನೂರು ವರ್ಷ ಹೇಗೆ ತೋರಿಸಿತು ಎಂಬುದನ್ನೇ ವಸ್ತುವಾಗಿ ಉಳ್ಳ ಸಾಕ್ಷ್ಯಚಿತ್ರ. ಶಿಕ್ಷಕರ ಶಿಕ್ಷಕರು ಅದನ್ನು ಒಮ್ಮೆ ನೋಡಬೇಕು. ನಮ್ಮ ಸಿನಿಮಾಗಳ ಹಾಸ್ಯದ ದೃಶ್ಯಗಳು ತಾವಾಗಿಯೇ ಸಾಲುಗಟ್ಟಿ ನೆನಪಾಗುತ್ತವೆ.

ಕಾನೂನಿನ ದೃಷ್ಟಿಯಿಂದಲೂ ಆ ಪ್ರಶ್ನೆ ಮುಖ್ಯವಲ್ಲ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಬ್ಬರ ಲಿಂಗತ್ವವನ್ನು ಅವರೇ ಗುರುತಿಸಿಕೊಳ್ಳಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ಹಾಕುವಂತಿಲ್ಲ ಎಂದಿತು. 2019ರ ಕಾಯ್ದೆ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವ ದಾರಿ ಮಾಡಿತು. ಆದರೆ ಗಂಡು ಅಥವಾ ಹೆಣ್ಣು ಎಂದು ಬದಲಿಸಿದ ಪ್ರಮಾಣಪತ್ರ ಬೇಕಾದರೆ ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪತ್ರ ಕೇಳುವ ವಿಧಿಯನ್ನೂ ಇಟ್ಟಿತು. ಸಮುದಾಯದವರು ಇದನ್ನು ತೀರ್ಪಿನಿಂದ ಹಿಂದೆ ಸರಿದದ್ದೆಂದು ಟೀಕಿಸಿದರು. ಪ್ರಶಿಕ್ಷಣಾರ್ಥಿಗೆ ಇದಿಷ್ಟೂ ಗೊತ್ತಿರಬೇಕು. ಒಂಬತ್ತನೇ ತರಗತಿಗೆ ಮೊದಲ ವಾಕ್ಯ ಸಾಕು.

ಹಾಗಿದ್ದರೆ ಮಗು ಕೇಳಿದಾಗ ಏನು ಹೇಳುವುದು? “ಅಂಥದ್ದೆಲ್ಲ ಕೇಳಬಾರದು” ಎಂದು ಗದರಿದರೆ ವಿಷಯ ಹೊಲಸೆಂದಾಯಿತು. ವಿವರಿಸಲು ಹೊರಟರೆ ಮನುಷ್ಯರು ಹೋಗಿ ಅಂಗಾಂಗ ಉಳಿಯಿತು. ಶಿರಾದ ಪಾಠದಲ್ಲಿ ಪ್ರಶಿಕ್ಷಣಾರ್ಥಿ ನಡುವಿನ ದಾರಿ ಹಿಡಿದರು. “ಕೆಲವರು ಮಾಡಿಸಿಕೊಳ್ತಾರೆ, ಕೆಲವರು ಇಲ್ಲ. ಅದು ಅವರೂ ಡಾಕ್ಟರೂ ಮಾತಾಡೋ ವಿಷಯ. ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಆಗಿದ್ರೆ ಬಸ್ಸಲ್ಲಿ ಕೂತೋರು ಕೇಳಿದ್ರೆ ಹೇಳ್ತೀರಾ?” ಎಂದರು. ತರಗತಿ ಸುಮ್ಮನಾಯಿತು. ಮರುಕ್ಷಣ ಅವರೇ, “ಸರಿ, ಈಗ ಇವರ ಮನೆ ಬಾಡಿಗೆ ವಿಷಯಕ್ಕೆ ಬರೋಣ” ಎಂದು ಮುಂದಕ್ಕೆ ನಡೆದರು. ಪ್ರಶ್ನೆಯನ್ನು ಸ್ವೀಕರಿಸಿ ದಿಕ್ಕು ತಿರುಗಿಸುವ ಈ ಕೌಶಲವನ್ನು ಸೂಕ್ಷ್ಮಬೋಧನೆಯ ಹಂತದಲ್ಲೇ ಆರು ನಿಮಿಷದ ಅಭ್ಯಾಸವಾಗಿ ಮಾಡಿಸುವುದು ಒಳ್ಳೆಯದು. ಸಹಪಾಠಿಗಳು ಮಕ್ಕಳಾಗಿ ಕೂತು ಅದೇ ಪ್ರಶ್ನೆಯನ್ನು ಅದೇ ನಗುವಿನೊಂದಿಗೆ ಕೇಳಲಿ. ಶಾಲೆಯಲ್ಲಿ ಮೊದಲ ಸಲ ಕೇಳಿಸಿಕೊಂಡವರು ತಬ್ಬಿಬ್ಬಾಗುತ್ತಾರೆ.

ಬಾಡಿಗೆ ಮನೆಯ ಭಾಗ ಪ್ರಶಿಕ್ಷಣಾರ್ಥಿಗಳನ್ನೇ ಹೆಚ್ಚು ತಟ್ಟಿತು. ಬೋಧನಾಭ್ಯಾಸಕ್ಕೆಂದು ಮಧುಗಿರಿಯಲ್ಲಿ ರೂಮು ಹುಡುಕಿದವರು ಅವರು. “ಯಾವ ಜನ? ಮಾಂಸ ಮಾಡ್ತೀರಾ? ಮನೆಗೆ ಯಾರ್‍ಯಾರು ಬರ್ತಾರೆ?” ಈ ಪ್ರಶ್ನೆಗಳನ್ನು ಕೇಳಿಸಿಕೊಂಡವರು, ಕೇಳಿಸಿಕೊಂಡು ಸುಳ್ಳು ಹೇಳಿದವರೂ ಅವರಲ್ಲಿದ್ದರು. ಚಿತ್ರ ಮುಗಿದ ಮೇಲಿನ ಚರ್ಚೆಯಲ್ಲಿ ಒಬ್ಬಾಕೆ ಎದ್ದು, “ನಾನು ಜಾತಿ ಮುಚ್ಚಿಟ್ಟು ರೂಮು ತಗೊಂಡೆ ಸರ್. ಇವರು ಏನನ್ನ ಮುಚ್ಚಿಡ್ತಾರೆ?” ಎಂದರು. ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ.

ನಮ್ಮ ವಿಷಯಕ್ಕೆ, ಅಂದರೆ ಕನ್ನಡ ಪಾಠಕ್ಕೆ, ಈ ಘಟಕ ಕೊಟ್ಟ ದೊಡ್ಡ ಲಾಭ ಬೇರೆ. ಕನ್ನಡದ ಕ್ರಿಯಾಪದ ಲಿಂಗವನ್ನು ಬಿಟ್ಟುಕೊಡದು. ಬಂದನು, ಬಂದಳು, ಬಂದಿತು. ಬಾಯಿ ತೆರೆದರೆ ಸಾಕು, ನೀವು ಒಬ್ಬರನ್ನು ಏನೆಂದು ತಿಳಿದಿದ್ದೀರಿ ಎಂಬುದು ಹೊರಬೀಳುತ್ತದೆ. ದೃಶ್ಯದ ಬಗ್ಗೆ ಐದು ವಾಕ್ಯ ಬರೆಯಿರಿ ಎಂದಾಗ ಮಕ್ಕಳ ಪುಸ್ತಕಗಳಲ್ಲಿ ಮೂರೂ ಬಂದವು: “ಮಂಜಮ್ಮ ಬಂದನು”, “ಮಂಜಮ್ಮ ಬಂದಳು”, ಮತ್ತು ಎರಡು ಪುಸ್ತಕಗಳಲ್ಲಿ “ಮಂಜಮ್ಮ ಬಂದಿತು”. ಕೊನೆಯದು ಕೇಡಿನಿಂದ ಬರೆದದ್ದಲ್ಲ. ವ್ಯಾಕರಣದ ಪಾಠದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಆದ ಮೇಲೆ ಮೂರನೆಯದು ನಪುಂಸಕಲಿಂಗ. ಮಗು ‘ತೃತೀಯ ಲಿಂಗ’ ಎಂಬ ಮಾತನ್ನು ಕೇಳಿ ಎರಡನ್ನೂ ಕೂಡಿಸಿ ಲೆಕ್ಕ ಮಾಡಿದೆ. ವ್ಯಾಕರಣ ಹೇಳಿಕೊಡುವವರು ನಾವೇ. ಹಾಗಾಗಿ ಅದನ್ನು ಬಿಡಿಸಬೇಕಾದವರೂ ನಾವೇ. ಶಬ್ದದ ಲಿಂಗ ಬೇರೆ, ಮನುಷ್ಯರ ಲಿಂಗತ್ವ ಬೇರೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಒಂಬತ್ತು ಲಿಂಗಗಳನ್ನು ಹೇಳುತ್ತಾನೆ; ಅವು ಶಬ್ದಗಳ ವಿಂಗಡಣೆ, ಊರಿನ ಜನರದ್ದಲ್ಲ. ಮತ್ತೆ, ನಮ್ಮಲ್ಲಿ ‘ಅವರು’ ಇದೆ. ಗೌರವಕ್ಕೂ ಆಗುತ್ತದೆ, ಗಂಡು ಹೆಣ್ಣೆಂದು ಹೇಳದೆಯೂ ಸಾಗುತ್ತದೆ. ಇಂಗ್ಲಿಷಿನವರು ಇದಕ್ಕಾಗಿ ಈಚೆಗೆ ಪಡುತ್ತಿರುವ ಪಾಡು ನಮಗಿಲ್ಲ. ಆದರೆ ಒಬ್ಬರು ತಮ್ಮನ್ನು ‘ಅವಳು’ ಎಂದೇ ಕರೆದುಕೊಂಡಾಗ ‘ಅವರು’ ಎನ್ನುವುದು ಗೌರವವೋ ಜಾರಿಕೊಳ್ಳುವುದೋ ಎಂದು ಪಾವಗಡದಲ್ಲಿ ಪಾಠ ಮಾಡಿದವರು ಕೇಳಿದರು. ಪಾವಗಡದ ಮನೆಗಳಲ್ಲಿ ತೆಲುಗು ಹೆಚ್ಚು; ಅಲ್ಲಿನ ಮಕ್ಕಳು ಎರಡು ಭಾಷೆಯ ಸರ್ವನಾಮಗಳನ್ನು ಪಕ್ಕಪಕ್ಕ ಬರೆದು ಚರ್ಚಿಸಿದ್ದು ಆ ದಿನದ ಒಳ್ಳೆಯ ಚಟುವಟಿಕೆ.

ಅಭ್ಯಾಸಕ್ಕೆ ಟೀವಿ ಕಾರ್ಯಕ್ರಮದ ಧಾಟಿಯಲ್ಲಿ ನಾವೇ ಬರೆದ ನಿರೂಪಣೆಯನ್ನು ಕೊಟ್ಟೆವು: “ಹುಟ್ಟಿದಾಗ ಅವನು, ಈಗ ಅವಳು! ಇವನ ಈ ವಿಚಿತ್ರ ಬದುಕಿನ ಕಣ್ಣೀರ ಕಥೆ ನೋಡಿ...” ಇದನ್ನು, ಆ ವ್ಯಕ್ತಿ ನಿಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಮತ್ತೆ ಬರೆಯಿರಿ ಎಂದು ಸೂಚನೆ. ಮಕ್ಕಳು ‘ವಿಚಿತ್ರ’ವನ್ನು ತೆಗೆದರು, ‘ಇವನ’ ತಿದ್ದಿದರು. ಒಂದು ಗುಂಪು ‘ಕಣ್ಣೀರ’ ಪದವನ್ನೂ ಹೊಡೆದುಹಾಕಿ, “ಅವರು ಅಳ್ತಿಲ್ವಲ್ಲ ಮಿಸ್” ಎಂದು ಕಾರಣ ಕೊಟ್ಟಿತು.

ಭಾಷೆಯ ಮಾತಿನಲ್ಲಿ ಒಂದು ಎಚ್ಚರ. ‘ಮಂಗಳಮುಖಿ’, ‘ತೃತೀಯ ಲಿಂಗಿ’, ‘ಲಿಂಗತ್ವ ಅಲ್ಪಸಂಖ್ಯಾತರು’, ‘ಟ್ರಾನ್ಸ್‌ಜೆಂಡರ್’ ಎಲ್ಲವೂ ಪತ್ರಿಕೆಗಳಲ್ಲಿ ಬರುತ್ತವೆ. ಜೋಗಪ್ಪ, ಹಿಜ್ರಾ ಎಂಬುವು ಅವರವರ ಸಂಪ್ರದಾಯದ ಹೆಸರುಗಳು, ಎಲ್ಲರಿಗೂ ಹಚ್ಚುವಂತಿಲ್ಲ. ಅಂತರಲಿಂಗಿ ಎಂಬುದು ಹುಟ್ಟಿನ ದೇಹಲಕ್ಷಣಕ್ಕೆ ಸಂಬಂಧಿಸಿದ ಬೇರೆಯೇ ಮಾತು. ಬೈಗುಳಗಳ ಪಟ್ಟಿಯನ್ನು ‘ಇವನ್ನು ಬಳಸಬಾರದು’ ಎಂದು ಹಲಗೆಯ ಮೇಲೆ ಬರೆಯುವ ಉತ್ಸಾಹ ಒಬ್ಬರಿಗೆ ಇತ್ತು. ಬೇಡವೆಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಆ ಪಟ್ಟಿ ಮೈದಾನದಲ್ಲಿರುತ್ತದೆ.

ಅನುಮತಿಯ ವಿಚಾರವನ್ನು ಮುಚ್ಚಿಡಬಾರದು. ಒಂದು ಶಾಲೆಯ ಮುಖ್ಯೋಪಾಧ್ಯಾಯರು ಚಿತ್ರ ತೋರಿಸುವುದು ಬೇಡ ಎಂದರು. ಅವರನ್ನು ಹಿಂದುಳಿದವರೆಂದು ನಮ್ಮವರು ಗೊಣಗಿದರು, ನನಗೆ ಹಾಗನ್ನಿಸಲಿಲ್ಲ. 2021ರ ನವೆಂಬರಿನಲ್ಲಿ ಎನ್‌ಸಿಇಆರ್‌ಟಿಯೇ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಶಿಕ್ಷಕರ ತರಬೇತಿ ಕೈಪಿಡಿ ಹೊರತಂದು, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಆಕ್ಷೇಪದ ನಂತರ ಕೆಲವೇ ದಿನಗಳಲ್ಲಿ ತನ್ನ ಜಾಲತಾಣದಿಂದ ತೆಗೆಯಿತು. ದೆಹಲಿಯ ಸಂಸ್ಥೆಯೇ ಹಾಗೆ ಮಾಡಿರುವಾಗ ಎಸ್‌ಡಿಎಂಸಿ ಸಭೆಗೆ ಒಬ್ಬರೇ ಉತ್ತರ ಕೊಡಬೇಕಾದ ಹಳ್ಳಿಯ ಮುಖ್ಯೋಪಾಧ್ಯಾಯರ ಅಳುಕು ಅರ್ಥವಾಗುವಂಥದ್ದೇ. ಮತ್ತೊಂದು ಕಡೆ, 2019ರ ಕಾಯ್ದೆಯ 13ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಭೇದವಿಲ್ಲದೆ ಒಳಗೊಳ್ಳುವ ಶಿಕ್ಷಣ ಕೊಡಬೇಕೆನ್ನುತ್ತದೆ. ಉಳಿದ ಶಾಲೆಗಳಲ್ಲಿ ಪಾಠಯೋಜನೆಯನ್ನೂ ದೃಶ್ಯಗಳ ವಿವರವನ್ನೂ ವಾರ ಮೊದಲೇ ಲಿಖಿತವಾಗಿ ಕೊಟ್ಟು, ಈ ಕಲಮನ್ನು ಕೆಳಗೆ ನಮೂದಿಸಿದ್ದು ಉಪಯೋಗಕ್ಕೆ ಬಂತು.

ಚಿತ್ರ ಬೇಡವೆಂದ ಶಾಲೆಯಲ್ಲಿ ಪಾಠ ನಿಲ್ಲಲಿಲ್ಲ. ಅಲ್ಲಿನ ಪ್ರಶಿಕ್ಷಣಾರ್ಥಿ ಒಂದು ಬಸ್ ಟಿಕೆಟ್ ಹಿಡಿದು ತರಗತಿಗೆ ಹೋದರು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. “ಇದು ಯಾರಿಗೆ ಸಿಗುತ್ತೆ?” “ಹೆಂಗುಸ್ರಿಗೆ!” “ಇನ್ನೊಬ್ಬರಿಗೂ ಸಿಗುತ್ತೆ, ಯಾರು?” ಯಾರಿಗೂ ಗೊತ್ತಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೂ ಆ ಯೋಜನೆ ಅನ್ವಯಿಸುತ್ತದೆ ಎಂದು ಹೇಳಿ, ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸನ್ನು ಹಲಗೆಯ ಮೇಲೆ ಬಿಡಿಸಿದರು. ಮಹಿಳೆಯರಿಗೆ ಮೀಸಲಾದ ಸೀಟು, ಕಂಡಕ್ಟರ್, ಗುರುತಿನ ಚೀಟಿ. ಚೀಟಿಯಲ್ಲಿ ಒಂದು ಹೆಸರು, ಎದುರಿಗಿರುವ ಮುಖ ಇನ್ನೊಂದು. ಕಂಡಕ್ಟರ್ ಏನು ಮಾಡಬೇಕು? ಪಕ್ಕದ ಸೀಟಿನವರು ಏನು ಮಾಡಬೇಕು? ಇಪ್ಪತ್ತು ನಿಮಿಷ ಮಕ್ಕಳು ಕಂಡಕ್ಟರಾಗಿ, ಪ್ರಯಾಣಿಕರಾಗಿ ವಾದಿಸಿದರು. ದೆಹಲಿ ಮೆಟ್ರೋದ ಚಿತ್ರ ಕೇಳುವ ಪ್ರಶ್ನೆಯೇ ಇದು. ಒಂದು ಚೌಕಟ್ಟಿನ ದೃಶ್ಯವನ್ನೂ ತೋರಿಸದೆ ಅದು ತರಗತಿಗೆ ಬಂದಿತ್ತು. ನಿಜ ಹೇಳಬೇಕೆಂದರೆ ಆ ವರ್ಷದ ಪಾಠಗಳಲ್ಲಿ ನಾನು ಹೆಚ್ಚು ಅಂಕ ಕೊಟ್ಟದ್ದು ಇದಕ್ಕೆ. ಪಾತ್ರಾಭಿನಯದಲ್ಲಿ ಒಂದು ನಿಯಮವನ್ನು ಅವರು ತಾವೇ ಹಾಕಿಕೊಂಡಿದ್ದರು: ಟ್ರಾನ್ಸ್‌ಜೆಂಡರ್ ಪ್ರಯಾಣಿಕರ ಪಾತ್ರವನ್ನು ಯಾವ ಮಗುವಿಗೂ ಕೊಡಲಿಲ್ಲ. ಆ ಸೀಟಿನಲ್ಲಿ ತಮ್ಮ ಕೈಚೀಲ ಇಟ್ಟರು. ಯಾಕೆಂದು ನಾನು ಕೇಳಿದಾಗ, “ಆ ಪಾರ್ಟು ಮಾಡಿದ ಮಗೂಗೆ ವರ್ಷಪೂರ್ತಿ ಅದೇ ಹೆಸರು ಉಳಿದುಬಿಡುತ್ತೆ ಸರ್” ಎಂದರು.

ಈ ಮಾತು ಇಡೀ ಘಟಕಕ್ಕೆ ಅನ್ವಯ. ನಲವತ್ತು ಮಕ್ಕಳ ತರಗತಿಯಲ್ಲಿ ಈ ಪಾಠ ತನ್ನದೇ ಎಂದು ಉಸಿರು ಹಿಡಿದು ಕೂತ ಮಗು ಇರಬಹುದು. ನಡಿಗೆ, ದನಿ, ಕೂರುವ ರೀತಿಗಾಗಿ ಈಗಾಗಲೇ ಅಡ್ಡಹೆಸರು ಪಡೆದ ಮಗುವಂತೂ ಇದ್ದೇ ಇರುತ್ತದೆ. ದೃಶ್ಯ ಶುರುವಾದಾಗ ಮಕ್ಕಳ ಕಣ್ಣು ಪರದೆಯಿಂದ ಒಂದು ಕ್ಷಣ ಆ ಮಗುವಿನ ಕಡೆ ಹೊರಳುವುದನ್ನು ನಾನು ಎರಡು ಶಾಲೆಗಳಲ್ಲಿ ಕಂಡೆ. ಆಗ ಶಿಕ್ಷಕರು ನಿಲ್ಲಬೇಕಾದ ಜಾಗ ಪರದೆಯ ಪಕ್ಕ ಅಲ್ಲ. ಮಕ್ಕಳ ಕಣ್ಣಿಗೂ ಆ ಮಗುವಿಗೂ ನಡುವೆ. ಸುಮ್ಮನೆ ನಡೆದು ಹೋಗಿ ನಿಂತರೆ ಸಾಕು, ಏನೂ ಹೇಳಬೇಕಿಲ್ಲ. “ನಿಮ್ಮ ಊರಲ್ಲಿ ಇಂಥವರು ಯಾರಾದ್ರೂ ಇದಾರಾ?” ಎಂಬ ಪ್ರಶ್ನೆಯನ್ನು, ನಮ್ಮ ಬಾಯಿಗೆ ಎಷ್ಟೇ ರೂಢಿಯಾಗಿದ್ದರೂ, ಈ ಪಾಠದಲ್ಲಿ ಕೇಳಲೇಬಾರದು. ಬೇರೆ ಪಾಠದಲ್ಲಿ ಅದು ಸ್ಥಳೀಯ ಉದಾಹರಣೆ. ಇಲ್ಲಿ ಬೆರಳು ತೋರಿಸುವುದು.

ಪಾಠದ ಕೊನೆಗೆ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆದು ಡಬ್ಬಿಗೆ ಹಾಕುವ ಏರ್ಪಾಡಿತ್ತು. ಎಲ್ಲರೂ ಚೀಟಿ ಹಾಕಲೇಬೇಕು; ಪ್ರಶ್ನೆ ಇಲ್ಲದವರು ಊರಿನ ಹೆಸರು ಬರೆದು ಹಾಕಬಹುದು. ಇಲ್ಲದಿದ್ದರೆ ಬರೆದವರು ಯಾರೆಂದು ತಿಳಿದುಬಿಡುತ್ತದೆ. ಒಂದು ಶಾಲೆಯ ಡಬ್ಬಿಯಲ್ಲಿ ಸಿಕ್ಕ ಚೀಟಿ: “ಟಿ.ಸಿ.ಲಿ ಹೆಸರು ಚೇಂಜ್ ಮಾಡುಸ್ಬೋದಾ, ಮನೇಲಿ ಒಪ್ಪದಿದ್ರೆ?” ಶಾಲೆಯ ಶಿಕ್ಷಕರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, ನೋಟ್‌ಬುಕ್ಕಿನ ಅಕ್ಷರಕ್ಕೆ ಹೋಲಿಸಿ ಯಾರೆಂದು ನೋಡೋಣ, ಮನೆಯವರನ್ನು ಕರೆಸಿ ಮಾತಾಡೋಣ ಎಂದರು. ಪ್ರಶಿಕ್ಷಣಾರ್ಥಿ ಚೀಟಿಯನ್ನು ಕೊಡಲಿಲ್ಲ. ನನ್ನ ಕಡೆ ನೋಡಿದರು, ನಾನೂ ಬೇಡವೆಂದೆ. ಮನೆಯವರನ್ನು ಕರೆಸಿದ ಮೇಲೆ ಆ ಮಗು ಮರುದಿನ ಶಾಲೆಗೆ ಬರುತ್ತದೆಂದು ಯಾರು ಖಾತರಿ ಕೊಡುತ್ತಾರೆ? ಮಂಜಮ್ಮನವರ ಕಥೆಯಲ್ಲಿ ಮನೆ ಬಿಟ್ಟ ವಾಕ್ಯವನ್ನು ಆಗಷ್ಟೇ ಪಾಠ ಮಾಡಿ ಬಂದಿದ್ದೆವು.

ಉತ್ತರ ಮಾತ್ರ ಕೊಡಬೇಕಿತ್ತು. ಮರುದಿನ ಚೀಟಿಯ ಪ್ರಶ್ನೆಗಳಿಗೆಲ್ಲ ಒಟ್ಟಿಗೆ ಉತ್ತರಿಸುವಾಗ ಅದನ್ನೂ ಉಳಿದವುಗಳ ನಡುವೆ ಇಟ್ಟು, ಇಡೀ ತರಗತಿಗೆ ಹೇಳಿದರು. ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರದ ಆಧಾರದ ಮೇಲೆ ಸರ್ಕಾರಿ ದಾಖಲೆಗಳಲ್ಲಿ ಲಿಂಗತ್ವವನ್ನು ದಾಖಲಿಸಬೇಕು. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್ ಮೂಲಕವೇ ಸಲ್ಲಿಸಬಹುದು. ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕು. ತುಂಬಿದ ಮೇಲೆ ತಾವೇ ಹಾಕಬಹುದು. ಮನೆಯವರು ಒಪ್ಪದಿದ್ದರೂ ಮಗುವನ್ನು ಈ ಕಾರಣಕ್ಕೆ ಮನೆಯಿಂದ ಹೊರಹಾಕುವಂತಿಲ್ಲ ಎಂಬುದನ್ನೂ ಸೇರಿಸಿದರು. ಮಕ್ಕಳ ಸಹಾಯವಾಣಿ 1098ನ್ನು ಹಲಗೆಯ ಮೂಲೆಯಲ್ಲಿ ಬರೆದು, ಪಾಠ ಮುಗಿದ ಮೇಲೂ ಅಳಿಸದೆ ಬಿಟ್ಟರು. ಉತ್ತರ ಅಪೂರ್ಣ ಎಂದು ನನಗೆ ಗೊತ್ತು. ಒಂಬತ್ತನೇ ತರಗತಿಯ ಮಗುವಿಗೆ ಹದಿನೆಂಟು ತುಂಬಲು ಇನ್ನೂ ಮೂರು ನಾಲ್ಕು ವರ್ಷ. ಶಾಲೆ ಬಿಡುವವರು ಬಿಡುವುದೇ ಆ ವರ್ಷಗಳಲ್ಲಿ.

ಉಳಿದವರ ಬಗ್ಗೆ ಒಂದು ಮಾತನ್ನು ಮಕ್ಕಳಿಗೂ ಪ್ರಶಿಕ್ಷಣಾರ್ಥಿಗಳಿಗೂ ಹೇಳಿದೆವು. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1ರ ಮೀಸಲಾತಿ ತಂದ ಮೇಲೆ, 2022ರ ಕೊನೆಗೆ ಪ್ರಕಟವಾದ 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಮೂವರು ಲಿಂಗತ್ವ ಅಲ್ಪಸಂಖ್ಯಾತರಿದ್ದರು. ಪ್ರಶಿಕ್ಷಣಾರ್ಥಿಗಳು ಇದನ್ನು ಕೇಳಿ ನಿಜವಾಗಿಯೂ ನಿಮಿರಿ ಕೂತರು. ಅಲ್ಲಿಯವರೆಗೆ ಪರದೆಯ ಮೇಲಿದ್ದವರು ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಗೆ ಬಂದರೆ ಟಿಫನ್ ಡಬ್ಬಿ ಹಂಚಿಕೊಳ್ಳುತ್ತೀರಾ ಎಂದು ಕೇಳಿದೆ. ಇಬ್ಬರು ಕೂಡಲೇ ಹ್ಞೂಂ ಎಂದರು. ಒಬ್ಬರು ಯೋಚಿಸಿ, “ಶೌಚಾಲಯದ ವಿಷಯ ಬಂದಾಗ ಏನು ಮಾಡೋದು ಸರ್?” ಎಂದರು. ಹ್ಞೂಂ ಎಂದವರಿಗಿಂತ ಈ ಪ್ರಶ್ನೆ ಕೇಳಿದವರೇ ಹೆಚ್ಚು ಮುಂದೆ ಹೋಗಿದ್ದರು ಎಂದು ನನ್ನ ಎಣಿಕೆ. ನಮ್ಮ ಅಭ್ಯಾಸ ಶಾಲೆಗಳಲ್ಲಿ ಶಿಕ್ಷಕಿಯರಿಗೇ ಸರಿಯಾದ ಶೌಚಾಲಯ ಇಲ್ಲದವೂ ಇವೆ. ಆ ಚರ್ಚೆ ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು, ಹೋಗಲಿ ಎಂದು ಬಿಟ್ಟೆ.

ಮುಂದಿನ ತಂಡಕ್ಕಾಗಿ ಮೂರು ಬದಲಾವಣೆ ಮಾಡಿದ್ದೇವೆ. ದೃಶ್ಯವನ್ನು ಎರಡು ಸಲ ತೋರಿಸುವುದು: ಮೊದಲು ಧ್ವನಿಯಿಲ್ಲದೆ, ಆಮೇಲೆ ಧ್ವನಿಯೊಂದಿಗೆ, ನಡುವೆ “ಕ್ಯಾಮೆರಾ ಎಲ್ಲಿ ನಿಂತಿದೆ, ಯಾರು ಹಿಡಿದಿದ್ದಾರೆ?” ಎಂಬ ಒಂದೇ ಪ್ರಶ್ನೆ. ಮೌಲ್ಯಮಾಪನದಲ್ಲಿ ವ್ಯಾಖ್ಯೆ ಕೇಳುವುದನ್ನು ಬಿಟ್ಟು ನಿರೂಪಣೆ ತಿದ್ದುವ ಅಭ್ಯಾಸವನ್ನೇ ಇಡುವುದು. ಮತ್ತು ಚೀಟಿ ಡಬ್ಬಿಯನ್ನು ಪಾಠದ ದಿನಕ್ಕೆ ಮಾತ್ರವಲ್ಲದೆ ಬೋಧನಾಭ್ಯಾಸದ ಅಷ್ಟೂ ವಾರ ತರಗತಿಯಲ್ಲೇ ಬಿಡುವುದು, ಎಲ್ಲ ವಿಷಯದ ಪ್ರಶ್ನೆಗಳಿಗೂ ಅದೇ ಡಬ್ಬಿ. ಗಣಿತದ ಅನುಮಾನಗಳ ನಡುವೆ ಮಡಚಿಟ್ಟ ಚೀಟಿಯನ್ನು ಯಾರೂ ಗುರುತು ಹಿಡಿಯಲಾರರು.